ಮಂಗಳಕ್ಕನ ಬೈಗುಳದೊಳಗಿನ ಏಳು ಸೆಕೆಂಡು

ನಮ್ಮೂರಿನಲ್ಲಿ ಮನೆಯೊಳಗೆ ಆಡಿದ ಮಾತು ಆ ಮನೆಯ ಕಂಪ್ಯೂಟರಿನಲ್ಲಿ ತಾನಾಗಿಯೇ ಬರೆದುಕೊಳ್ಳುತ್ತಿತ್ತು. ಅದಕ್ಕೇ ನನ್ನ ಅಜ್ಜಿ ಕಥೆಗಳನ್ನೆಲ್ಲ ಹೊಸ್ತಿಲ ಆಚೆ, ಜಗಲಿಯ ಮೇಲೆ ಕೂತೇ ಹೇಳುತ್ತಿದ್ದಳು. ಏಳು ಸಮುದ್ರದ ಆಚೆಯ ಗಿಣಿಯಾಗಲಿ, ಕುಂಬಳಕಾಯಿಯೊಳಗೆ ಹುಟ್ಟಿದ ರಾಜಕುಮಾರಿಯಾಗಲಿ, ಯಾರೂ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದವರಲ್ಲ. "ಇಲ್ಲದ್ದನ್ನೆಲ್ಲ ಒಳಗೆ ಹೇಳಿ ಡಿಸ್ಕ್ ತುಂಬಿಸಬಾರದು ಕಣೇ, ಇರೋ ಮಾತಿಗೇ ಜಾಗ ಸಾಲದು" ಅನ್ನುತ್ತಿದ್ದಳು. ಚಳಿಗಾಲದಲ್ಲಿ ಕಂಬಳಿ ಹೊದ್ದು ಹೊರಗೆ ಕೂತು ಕಥೆ ಕೇಳಿದ್ದು ಊರಿಗೆಲ್ಲ ನಾನೊಬ್ಬಳೇ ಇರಬೇಕು.

ಮಾತು ಬರೆದುಕೊಳ್ಳುವುದೇನೋ ಸರಿ, ಆದರೆ ಅದು ಒಂದೇ ಕಡೆ ಕೂತು ಬರೆದುಕೊಳ್ಳುತ್ತಿರಲಿಲ್ಲ. ಡಿಸ್ಕಿನಲ್ಲಿ ಎಲ್ಲಿ ಸಂದು ಸಿಕ್ಕರೆ ಅಲ್ಲಿ ಅರ್ಧ ಮಾತು, ಇನ್ನೆಲ್ಲೋ ಕಾಲು ಮಾತು, ಉಳಿದದ್ದು ಮತ್ತೆಲ್ಲೋ. ಹಾಗೆ ಚೂರು ಚೂರಾಗುತ್ತಾ ಹೋದಂತೆ ಆ ಮನೆಯ ಜನರೂ ನಿಧಾನವಾಗುತ್ತಿದ್ದರು. ಹಿಟ್ಟಿನ ಗಿರಣಿಯವರ ಮನೆಯಲ್ಲಿ "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ" ಎಂದು ನೆಂಟರನ್ನು ಕೇಳಿದವರು, ಸಕ್ಕರೆ ಡಬ್ಬಿ ಕೈಯಲ್ಲಿ ಹಿಡಿದು ನಿಂತೇ ಇದ್ದು, ನೆಂಟರು ಬಸ್ ಹತ್ತಿದ ಮೇಲೆ "ಎರಡು ಚಮಚ ಸಾಕಾ?" ಅಂದಿದ್ದರಂತೆ. ಇಷ್ಟಾದ ಮೇಲೆ ಆ ಮನೆಯವರಿಗೆ ಗೊತ್ತಾಗುತ್ತಿತ್ತು, ಜೋಡಿಸುವ ದಿನ ಬಂತು ಅಂತ. ನನ್ನ ಅಜ್ಜಿಗೆ ಹೇಳಿಕಳಿಸುತ್ತಿದ್ದರು.

ಅಜ್ಜಿಯ ಹೆಸರು ಪುಟ್ಟನಂಜಮ್ಮ. ಊರಿಗೆಲ್ಲ ನಂಜಜ್ಜಿ. ಬರಹ ಕಾಯುವುದು ಅವಳ ಕೆಲಸ. ಜೋಡಿಸುವುದನ್ನು ಯಂತ್ರವೇ ಮಾಡುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು. ಚೂರುಗಳನ್ನು ಒಂದೊಂದಾಗಿ ಎತ್ತಿಕೊಂಡು ಅದರದರ ಜಾಗಕ್ಕೆ ತಂದಿಡುತ್ತದೆ. ಆದರೆ ಒಂದು ಚೂರು ಎತ್ತಿದ ಹೊತ್ತಿನಲ್ಲಿ ಮನೆಯೊಳಗೆ ಯಾರಾದರೂ ಮಾತಾಡಿಬಿಟ್ಟರೆ, ಆ ಹೊಸ ಮಾತು ಬಂದು ಖಾಲಿಯಾದ ಜಾಗದಲ್ಲಿ ಕೂತುಬಿಡುತ್ತದೆ. ಎತ್ತಿದ ಚೂರು ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಅದಕ್ಕೆ ಆವತ್ತು ಮನೆಮಂದಿಯೆಲ್ಲ ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದರು. ಕೂಸು, ಕೋಳಿ, ಗೋಡೆ ಗಡಿಯಾರ ಎಲ್ಲವೂ ಆಚೆಗೆ. ಒಳಗೆ ಅಜ್ಜಿ ಒಬ್ಬಳೇ, ಬಾಯಿಗೆ ಒಂದು ಲವಂಗ ಹಾಕಿಕೊಂಡು, ಪರದೆಯ ಮುಂದೆ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಪರದೆಯ ಮೇಲೆ ಕೆಂಪು ನೀಲಿ ಚೌಕಗಳು ಕೌದಿಯ ಹಾಗೆ ಹರಡಿಕೊಂಡಿರುತ್ತಿದ್ದವು; ಕೆಂಪಿದ್ದರೆ ಚೆದುರಿದ ಮಾತು, ನೀಲಿಯಾದರೆ ಜೋಡಿಸಿದ ಮಾತು, ಬಿಳಿ ಇದ್ದರೆ ಖಾಲಿ. ಕೆಳಗೆ ಒಂದು ಪಟ್ಟಿ. ಮನೆಯೊಳಗೆ ಏನೇ ಸದ್ದು ಬರೆದುಕೊಂಡರೂ ಅಲ್ಲಿ ಒಂದು ಸಾಲು ಮೂಡುತ್ತಿತ್ತು. ಆ ಸಾಲಿನ ಉದ್ದ ನೋಡಿಯೇ ಅಜ್ಜಿ ಇದು ನಲ್ಲಿ ತೊಟ್ಟಿಕ್ಕಿದ್ದು, ಇದು ಹಲ್ಲಿ ಲೊಚಗುಟ್ಟಿದ್ದು ಅಂತ ಹೇಳಬಲ್ಲವಳಾಗಿದ್ದಳು. ಸಾಲು ಕಂಡ ಕೂಡಲೇ ಎದ್ದು ಹೋಗಿ ನಲ್ಲಿ ಕಟ್ಟಿ ಬರುತ್ತಿದ್ದಳು. ಮೂವತ್ತು ವರ್ಷದಲ್ಲಿ ಒಂದೇ ಒಂದು ಮನೆಯ ಒಂದೇ ಒಂದು ಚೂರೂ ಅವಳ ಕಾವಲಿನಲ್ಲಿ ಕಳೆದಿರಲಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಟೈಲರ್ ಮಾದಪ್ಪ ಮಾವ ನಮ್ಮ ಜಗಲಿಗೆ ಬಂದ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಟೋಪಿ. ಅವನ ಹೆಂಡತಿ ಮಂಗಳಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳದ್ದು ಅಂತ ಮನೆಯಲ್ಲಿ ಉದ್ದಕ್ಕೆ ಉಳಿದಿದ್ದ ಮಾತು ಒಂದೇ: ಒಂದು ಬೈಗುಳ. ಯಾವುದೋ ಮದುಮಗಳ ರವಿಕೆಯ ತೋಳನ್ನು ಇವನು ಮೇಲೆ ಕೆಳಗೆ ಹೊಲಿದಿದ್ದಕ್ಕೆ ಅವಳು ಹನ್ನೊಂದು ನಿಮಿಷ ಬಿಡದೆ ಬೈದಿದ್ದಳು. ಉಳಿದ ದಿನಗಳಲ್ಲಿ ಅವಳು ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುವವಳು, ಮಾತಾಡಿದ್ದೇ ಕಡಿಮೆ. ಡಿಸ್ಕಿನಿಂದ ಹಾಕಿ ಕೇಳುವ ಮಾತು ಮತ್ತೆ ಬರೆದುಕೊಳ್ಳುವುದಿಲ್ಲ. ಹಾಗಾಗಿ ಮಾದಪ್ಪ ಮಾವ ದಿನಾ ಬೆಳಿಗ್ಗೆ ಮಿಷನ್ನಿಗೆ ಎಣ್ಣೆ ಬಿಟ್ಟು, ಆ ಬೈಗುಳ ಹಾಕಿಕೊಂಡು ಹೊಲಿಯಲು ಕೂರುತ್ತಿದ್ದ.

"ಇತ್ತೀಚೆಗೆ ತುಂಬ ತಡವರಿಸ್ತಾಳೆ ನಂಜಜ್ಜಿ" ಅಂದ. "'ನಿಮಗೆ' ಅಂತಾಳೆ. ಆಮೇಲೆ ನಾನು ಒಂದು ಚಡ್ಡಿ ಹೊಲಿದು ಮುಗಿಸ್ತೀನಿ. ಆಗ 'ಬುದ್ಧಿ' ಅಂತಾಳೆ. 'ಇದೆಯಾ' ಅನ್ನೋ ಹೊತ್ತಿಗೆ ಮಧ್ಯಾಹ್ನದ ಊಟ."

"ಮತ್ತೆ ಇಷ್ಟು ದಿನ ಯಾಕಪ್ಪಾ ಸುಮ್ಮನಿದ್ದೆ?"

"ಹೆದರಿಕೆ. ಇರೋದು ಒಂದು ಬೈಗುಳ. ಅದರಲ್ಲೂ ಒಂದು ಚೂರು ಕಳೆದರೆ?"

ಅಜ್ಜಿ ಅವನನ್ನು ನೋಡಿ, "ನಾನಿರೋವಾಗ ಕಳೆಯುತ್ತಾ?" ಅಂದಳು.

ಡಿಸ್ಕ್ ಪೂರ್ತಿ ತುಂಬಿಹೋಗಿತ್ತು. ಚೂರುಗಳನ್ನು ಎತ್ತಿ ಇಡುವುದಕ್ಕೆ ಒಂದಿಷ್ಟಾದರೂ ಖಾಲಿ ಜಾಗ ಬೇಕು. ಏನನ್ನು ಅಳಿಸಲಿ ಅಂತ ಅಜ್ಜಿ ಕೇಳಿದರೆ ಮಾದಪ್ಪ ಮಾವ ಯೋಚನೆ ಮಾಡಲೇ ಇಲ್ಲ. "ನನ್ನ ಮಾತೆಲ್ಲ ತೆಗೆದುಹಾಕಿ. ನಾಲ್ಕು ವರ್ಷದಿಂದ ಗೋಡೆ ಜೊತೆ ಆಡಿದ್ದು. ಅದು ಯಾರಿಗೆ ಬೇಕು." ತೆಗೆದ ಮೇಲೆ ನೋಡಿದರೆ ಪರದೆಯಲ್ಲಿ ಅಲ್ಲಲ್ಲಿ ಬಿಳಿ ಚೌಕಗಳು, ಹಲ್ಲು ಬಿದ್ದ ಬಾಯಿಯ ಹಾಗೆ.

ಆವತ್ತು ಅಮ್ಮನಿಗೆ ಜ್ವರ. ನನ್ನನ್ನು ನೋಡಿಕೊಳ್ಳುವವರಿಲ್ಲದೆ ಅಜ್ಜಿ ಜೊತೆಯಲ್ಲೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ "ಒಳಗೆ ಹೋದ ಮೇಲೆ ಉಸಿರು ಬಿಡಬಹುದು, ಬಾಯಿ ಬಿಡಬಾರದು, ತಿಳೀತಾ?" ಅಂತ ನಾಲ್ಕು ಸಲ ಹೇಳಿದಳು. ನಾನು ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಒಳಗೆ ಹೋದೆ. ಮಾದಪ್ಪ ಮಾವ ಮತ್ತು ಅವನ ಮಗಳು ಪಂಕಜಕ್ಕ ಎದುರು ಮನೆಗೆ ಹೋದರು. ಅಜ್ಜಿ ಗುಂಡಿ ಒತ್ತಿದಳು. ಕೆಂಪು ಚೌಕಗಳು ಒಂದೊಂದಾಗಿ ನೀಲಿಯಾಗತೊಡಗಿದವು. ಮಳೆ ನಿಂತ ಮೇಲೆ ಸೂರಿನ ಹನಿ ನೋಡುತ್ತಾ ಕೂತಂತೆ ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಅಷ್ಟು ನೆಮ್ಮದಿಯ ಆಟವನ್ನು ನಾನು ಮತ್ತೆ ಕಂಡಿಲ್ಲ.

ಅರ್ಧಕ್ಕಿಂತ ಹೆಚ್ಚು ನೀಲಿಯಾಗಿತ್ತು. ಆಗ ಪಟ್ಟಿಯಲ್ಲಿ ಸಣ್ಣದೊಂದು ಸಾಲು ಮೂಡಿತು. ಅಜ್ಜಿ ಹುಬ್ಬು ಗಂಟಿಕ್ಕಿದಳು. ಇನ್ನೊಂದು ಸಾಲು. ಹಲ್ಲಿಯದ್ದಲ್ಲ, ನಲ್ಲಿಯದ್ದೂ ಅಲ್ಲ. ಕಿವಿಗೊಟ್ಟು ಕೇಳಿದರೆ ಅಡುಗೆಮನೆಯಿಂದ ಸುಸ್ಸ್ ಅನ್ನುವ ಸದ್ದು. ಪಂಕಜಕ್ಕ ಅವರೆಕಾಳು ಬೇಯಲು ಕುಕ್ಕರ್ ಇಟ್ಟು, ಒಲೆ ಆರಿಸದೆ ಮರೆತು ಹೋಗಿಬಿಟ್ಟಿದ್ದಳು.

ಅಜ್ಜಿಗೆ ಮಂಡಿ ನೋವು, ಎದ್ದು ಹೋಗುವಷ್ಟರಲ್ಲಿ ಕೂಗಿಬಿಡುತ್ತೆ. ನನಗೆ ಕಣ್ಣಲ್ಲೇ ಹೇಳಿದಳು: ಹೋಗು, ಒಲೆ ಆರಿಸು. ನಾನು ಓಡಿದೆ. ಅಡುಗೆಮನೆಯ ಬಾಗಿಲಿಗೆ ಹೋದೆ ಅಷ್ಟೇ, ಕುಕ್ಕರ್ ನನ್ನನ್ನೇ ಕಾಯುತ್ತಿದ್ದ ಹಾಗೆ ಕೂಗಿತು. ನಮ್ಮ ಮನೆಯಲ್ಲಿ ಕುಕ್ಕರ್ ಇರಲಿಲ್ಲ. ಅಜ್ಜಿಯ ಕಥೆಯಲ್ಲಿ ಹೊಗೆ ಉಗುಳುತ್ತಾ ಕಿರುಚುವ ಒಂದು ರಾಕ್ಷಸಿ ಇದ್ದಳು, ನನಗೆ ಗೊತ್ತಿದ್ದದ್ದು ಅವಳೊಬ್ಬಳೇ. ನಾನು "ಅಜ್ಜೀ!" ಎಂದು ಚೀರಿದೆ.

"ಹೆದರ್ಕೋಬೇಡ ಕಣೇ ಕುಸುಮಿ, ಬಾ ಇಲ್ಲಿ, ನಾನಿದ್ದೀನಲ್ಲ, ಏನೂ ಆಗಲ್ಲ."

ಮಾತು ಬಾಯಿಂದ ಹೊರಟ ಮೇಲೆಯೇ ಅಜ್ಜಿ ತನ್ನ ಬಾಯಿ ಮುಚ್ಚಿಕೊಂಡಿದ್ದು. ಲವಂಗ ನೆಲಕ್ಕೆ ಬಿದ್ದಿತ್ತು.

ಕುಕ್ಕರಿನ ಕೂಗು, ನಾನು ಚೀರಿದ್ದು ಎರಡೂ ಹೋಗಿ ಅಂಚಿನ ಬಿಳಿ ಚೌಕಗಳಲ್ಲಿ ಬಿದ್ದವು, ಅವುಗಳಿಂದ ಏನೂ ತೊಂದರೆಯಾಗಲಿಲ್ಲ. ಅಜ್ಜಿಯ ಮಾತು ಮಾತ್ರ ಸರಿಯಾಗಿ ಮಂಗಳಕ್ಕನ ಬೈಗುಳದ ಒಂದು ಚೂರನ್ನು ಯಂತ್ರ ಎತ್ತಿಕೊಂಡಿದ್ದ ಹೊತ್ತಿಗೆ ಹೋಗಿ ಆ ಜಾಗದಲ್ಲಿ ಕೂತಿತು. ಏಳು ಸೆಕೆಂಡಿನ ಚೂರು.

ಮುಗಿದ ಮೇಲೆ ಅಜ್ಜಿ ಮಾದಪ್ಪ ಮಾವನನ್ನು ಕರೆದು, ಮುಚ್ಚಿಡದೆ ಎಲ್ಲ ಹೇಳಿ, ತಾನೇ ಹಾಕಿ ಕೇಳಿಸಿದಳು. ಮಂಗಳಕ್ಕ ಈಗ ಒಂದು ಕಡೆಯೂ ತಡವರಿಸದೆ, ನಿನ್ನೆ ಮೊನ್ನೆ ಬೈದಷ್ಟು ಚುರುಕಾಗಿ ಬೈದಳು. "ಮದುಮಗಳ ರವಿಕೆ ಕಣ್ರೀ ಅದು! ತೋಳು ನೋಡಿದ್ರಾ, ಒಂದು ಮೇಲೆ, ಒಂದು ಕೆಳಗೆ. ಆ ಹುಡುಗಿ ಹಾರ ಹಾಕೋಕೆ ಕೈ ಎತ್ತೋದು ಹೇಗೆ? ಕೇಳ್ತಾ ಇದ್ದೀನಿ ನಿಮ್ಮನ್ನೇ," ಅಂದಳು. ಅಷ್ಟರಲ್ಲಿ ನನ್ನ ಅಜ್ಜಿಯ ದನಿ: "ಹೆದರ್ಕೋಬೇಡ ಕಣೇ ಕುಸುಮಿ, ಬಾ ಇಲ್ಲಿ, ನಾನಿದ್ದೀನಲ್ಲ, ಏನೂ ಆಗಲ್ಲ." ಮತ್ತೆ ಮಂಗಳಕ್ಕ: "ಕೊಡಿ ಇಲ್ಲಿ, ಬಿಚ್ಚಿ ನಾನೇ ಹೊಲೀತೀನಿ. ನಿಮ್ಮನ್ನ ನಂಬಿದ್ರೆ ಮದುವೆ ಮುಂದಿನ ವರ್ಷ ಆಗುತ್ತೆ."

ಪಂಕಜಕ್ಕ ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದಳು. ಮಾದಪ್ಪ ಮಾವ ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದ. ಆಮೇಲೆ ನಕ್ಕ. "ಇರ್ಲಿ ಬಿಡಿ ನಂಜಜ್ಜಿ. ಹನ್ನೊಂದು ನಿಮಿಷ ಬೈಸಿಕೊಳ್ಳೋನಿಗೆ ನಡುವೆ ಒಬ್ರು ಸಮಾಧಾನ ಮಾಡೋರೂ ಬೇಕಲ್ಲ."

"ಅಲ್ಲಿ ಅವಳು ಏನಂದಿದ್ಲಪ್ಪ?"

ಅವನು ಹೇಳಬಾರದು ಅಂತಲೇ ಇದ್ದ. ಅಜ್ಜಿ ಬಿಡಲಿಲ್ಲ. "ನನ್ನ ಹೆಸರು ಹಿಡಿದಿದ್ಲು" ಅಂದ. "ಸಿಟ್ಟಿನಲ್ಲಿ. ಮದುವೆ ಆದ ಮೇಲೆ ಅದೊಂದೇ ಸಲ."

ಅಜ್ಜಿ ಆವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಮರುದಿನದಿಂದ ಯಾರು ಕರೆದರೂ ಬರಹ ಕಾಯಲು ಹೋಗಲಿಲ್ಲ. "ನನ್ನ ಬಾಯಿ ಮೇಲೆ ನನಗೇ ನಂಬಿಕೆ ಹೋಯ್ತು" ಅನ್ನುತ್ತಿದ್ದಳು. ಕೆಲಸ ಬಿಟ್ಟರೂ ಕೆಲಸದ ಅಭ್ಯಾಸ ಇನ್ನೂ ಜಾಸ್ತಿಯಾಯಿತು. ನಮ್ಮ ಡಿಸ್ಕಿನಲ್ಲಿದ್ದ ತನ್ನ ಹಳೆಯ ಮಾತನ್ನೆಲ್ಲ ತಾನೇ ಅಳಿಸಿ ಜಾಗ ಮಾಡಿದಳು. ಮನೆಯೊಳಗೆ ಅವಳು ಮಾತಾಡುವುದೇ ನಿಂತಿತು. ಉಪ್ಪು ಬೇಕಿದ್ದರೆ ಬೆರಳು ತೋರಿಸುವಳು. ನನ್ನ ಮೇಲೆ ಪ್ರೀತಿ ಉಕ್ಕಿದರೆ ಕೈ ಹಿಡಿದು ಜಗಲಿಗೆ ಎಳೆದುಕೊಂಡು ಹೋಗಿ, ಅಲ್ಲಿ ನನ್ನ ಚಿನ್ನ, ನನ್ನ ಬಂಗಾರ ಎಂದು ಮುದ್ದು ಮಾಡಿ ಮತ್ತೆ ಒಳಗೆ ಕರೆದುಕೊಂಡು ಬರುವಳು. ಗಿಣಿಗಳು, ರಾಕ್ಷಸಿಯರು, ಕುಂಬಳಕಾಯಿಯ ರಾಜಕುಮಾರಿ ಎಲ್ಲರೂ ಜಗಲಿಯ ಗಾಳಿಯಲ್ಲೇ ಹುಟ್ಟಿ ಅಲ್ಲೇ ಹೋದರು.

ಹೀಗೇ ಹನ್ನೊಂದು ವರ್ಷ ಕಳೆದು, ಹೋದ ಶ್ರಾವಣದಲ್ಲಿ ಅಜ್ಜಿಯೂ ಹೋದಳು. ಹನ್ನೆರಡು ದಿನ ಕಳೆದ ಮೇಲೆ ನಾನೂ ಅಮ್ಮನೂ ನಮ್ಮ ಕಂಪ್ಯೂಟರಿನ ಮುಂದೆ ಕೂತು ಅವಳ ದನಿ ಹುಡುಕಿದೆವು. ಸಿಕ್ಕಿದ್ದು ಎಷ್ಟು? "ಹೂಂ." "ಬಂದೆ." "ಬೆಕ್ಕು." ಒಂದು ಕೆಮ್ಮು. ನಮ್ಮ ಡಿಸ್ಕ್ ಊರಿನಲ್ಲೇ ಚೊಕ್ಕಟವಾದ ಡಿಸ್ಕ್, ಒಂದು ಕೆಂಪು ಚೌಕ ಇಲ್ಲ. ನಾನು ಅದನ್ನು ನೋಡಿ ಅತ್ತಷ್ಟು ಇನ್ಯಾವುದಕ್ಕೂ ಅತ್ತವಳಲ್ಲ.

ಅಜ್ಜಿ ನನ್ನ ಹೆಸರು ಹಿಡಿದು ಕರೆದದ್ದು ಈ ಊರಿನಲ್ಲಿ ಒಂದೇ ಕಡೆ ಇತ್ತು, ಮಾದಪ್ಪ ಮಾವನ ಮನೆಯಲ್ಲಿ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಬರುವುದಿಲ್ಲ. ಎಷ್ಟೋ ಜನ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ನೋಡಿದ್ದಾರೆ. ಹೊಸ್ತಿಲು ದಾಟಿದ ಮೇಲೆ ಬರೀ ಗಾಳಿ ಸದ್ದು. ಹಾಗಾಗಿ ನಾನೇ ಅಲ್ಲಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಹೋಗಿ ಗುಂಡಿಗಳಿಗೆ ಕಾಜಾ ಹಾಕುವ ಕೆಲಸ ಕೊಡು ಮಾವ ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ, ಸೂಜಿ ಕೊಟ್ಟ. ಬೈಗುಳ ಶುರುವಾಗಿ ಆರನೇ ನಿಮಿಷಕ್ಕೆ ನನ್ನ ಕೈಯಲ್ಲಿ ಸೂಜಿ ನಿಲ್ಲುತ್ತಿತ್ತು. ಏಳು ಸೆಕೆಂಡು. ಆಮೇಲೆ ಮತ್ತೆ ಕಾಜಾ.

ಮೂರು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಪಂಕಜಕ್ಕ ನಮ್ಮ ಜಗಲಿಗೆ ಬಂದಳು, ಒಳಗೆ ಬಾ ಅಂದರೂ ಬರಲಿಲ್ಲ.

"ಸಿಕ್ತು ಕುಸುಮಿ" ಅಂದಳು. "ಅಮ್ಮನ ಚೂರು."

ಹನ್ನೊಂದು ವರ್ಷದಿಂದ ಅವಳು ಬಿಡುವಾದಾಗಲೆಲ್ಲ ತಮ್ಮ ಡಿಸ್ಕಿನ ಬಿಳಿ ಚೌಕಗಳನ್ನು ಒಂದೊಂದಾಗಿ ತಡಕುತ್ತಿದ್ದಳಂತೆ. ಅವತ್ತು ಯಂತ್ರದ ಕೈಜಾರಿ ಬಿದ್ದ ಚೂರು ಎಲ್ಲೋ ತೀರ ಹಿಂದೆ, ಖಾಲಿ ಅಂತ ಹೆಸರಾದ ಒಂದು ಚೌಕದಲ್ಲಿ ಹಾಗೇ ಕೂತಿತ್ತು. ಆಮೇಲೆ ಹೊಸ ಮಾತು ಅಷ್ಟು ದೂರ ಬರದೆ, ಆ ಮನೆಯಲ್ಲಿ ಜೋಡಿಸುವ ಕೆಲಸವೂ ಆಗದೆ ಇದ್ದದ್ದರಿಂದ ಅದು ಉಳಿದಿತ್ತು. "ಈಗ ಎತ್ತಿ ಜಾಗಕ್ಕೆ ಇಡಬಹುದು. ಆದರೆ ಆ ಜಾಗದಲ್ಲಿ..." ಅವಳು ನನ್ನ ಮುಖ ನೋಡದೆ ಹೇಳಿದಳು, "ಅಪ್ಪ ಹೇಳಿದಾರೆ, ಕುಸುಮಿ ಒಪ್ಪಿದರೆ ಮಾತ್ರ, ಇಲ್ಲದಿದ್ದರೆ ಬೇಡ ಅಂತ."

"ಅಜ್ಜಿದನ್ನ ಬೇರೆ ಕಡೆ ಎತ್ತಿಡೋಕೆ ಆಗಲ್ವಾ?"

"ಹಿಂದೆ ಮುಂದೆ ಏನೂ ಇಲ್ಲದ ಚೂರು ಅದು. ಜೋಡಿಸುವಾಗ ಯಂತ್ರ ಕಸ ಅಂತ ಗುಡಿಸಿಬಿಡುತ್ತೆ."

ನನಗೆ ಬಂದದ್ದು ಬರೀ ಕೋಪ. ನಿನ್ನ ಕುಕ್ಕರಿನಿಂದಲೇ ಅಲ್ಲವಾ ಇಷ್ಟೆಲ್ಲ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ, ಅವಳ ಮುಖದಲ್ಲಿ ಅದು ಆಗಲೇ ಬರೆದಿತ್ತು. ನಾಲ್ಕು ದಿನ ಟೈಮ್ ಕೊಡು ಅಂದೆ.

ಅಮ್ಮನಿಗೆ ಹೇಳಿದೆ. ಅಮ್ಮ ಹೆಚ್ಚು ಮಾತಾಡುವವಳಲ್ಲ. "ಅದು ಅವರ ಮನೆ ಜಾಗ ಕಣೇ. ನಾವು ಅಲ್ಲಿ ಇಷ್ಟು ವರ್ಷ ಇದ್ದೆವು" ಅಂದಳು.

"ನಿನಗೆ ಬೇಡವಾ ಅಜ್ಜಿಯ ದನಿ?"

"ನನ್ನ ಹೆಸರು ಅದರಲ್ಲಿ ಇಲ್ಲವಲ್ಲ" ಅಂದು ಅಮ್ಮ ಒಳಗೆ ಎದ್ದು ಹೋದಳು. ಅವಳಿಗೂ ನೋವಿದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಮೂರು ದಿನ ಕಾಜಾ ಹಾಕಲು ಹೋದೆ, ಮೂರು ದಿನವೂ ಒಪ್ಪುವುದಿಲ್ಲ ಅಂತ ನಿರ್ಧಾರ ಮಾಡಿಕೊಂಡು ಬಂದೆ. ನಾಲ್ಕನೇ ದಿನ ನಾನು ಅಜ್ಜಿಯ ಮಾತು ಕೇಳುವ ಬದಲು ಮಾದಪ್ಪ ಮಾವನನ್ನು ನೋಡಿದೆ. "ಕೇಳ್ತಾ ಇದ್ದೀನಿ ನಿಮ್ಮನ್ನೇ" ಅನ್ನುವ ಹೊತ್ತಿಗೆ ಅವನು ಮಿಷನ್ ತುಳಿಯುವುದನ್ನು ನಿಲ್ಲಿಸಿದ. ತಲೆ ಸ್ವಲ್ಪ ಎತ್ತಿದ. ಹಾಜರಿ ಕೂಗುವಾಗ ತನ್ನ ಹೆಸರು ಬರುತ್ತೆ ಅಂತ ಕಾಯುವ ಮಗುವಿನ ಹಾಗೆ. ಅಜ್ಜಿಯ ಮಾತು ಬಂತು, ಹೋಯಿತು. ಅವನು ತಲೆ ತಗ್ಗಿಸಿ ಮತ್ತೆ ತುಳಿದ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಹೀಗೆ ತಲೆ ಎತ್ತಿದ್ದನಾ ಅಂತ ಯೋಚಿಸಿದೆ. ನನಗೆ ಕೇಳಿಸುತ್ತಿದ್ದ ಏಳು ಸೆಕೆಂಡು ಅವನಿಗೆ ಕೇಳಿಸದ ಏಳು ಸೆಕೆಂಡು ಆಗಿತ್ತು.

"ನಾಳೆ ಜೋಡಿಸೋಣ ಮಾವ" ಅಂದೆ. "ಆದರೆ ಬರಹ ನಾನೇ ಕಾಯ್ತೀನಿ."

ಮರುದಿನ ಪಂಕಜಕ್ಕ ಕುಕ್ಕರನ್ನು ಕೂಸಿನ ಹಾಗೆ ಎದೆಗಪ್ಪಿಕೊಂಡು ಎದುರು ಮನೆಗೆ ಹೋದಳು. ಮಾದಪ್ಪ ಮಾವ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದ, ನಾನು ತುಟಿ ಮೇಲೆ ಬೆರಳಿಟ್ಟೆ, ಹೋದ. ನಾನು ಲವಂಗ ಹಾಕಿಕೊಂಡು ಕೂತೆ. ಒತ್ತುವ ಮೊದಲು ಕೊನೆಯ ಸಲ ಕೇಳಿಬಿಡೋಣ ಅಂದುಕೊಂಡೆ. ಕೇಳಿದರೆ ಒತ್ತಲಾರೆ ಅನ್ನಿಸಿತು. ಕೇಳದೆ ಒತ್ತಿದೆ. ಅಜ್ಜಿಯ ಚೌಕ ಒಂದು ಗಳಿಗೆ ಬಿಳಿಯಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ನೀಲಿ. ಮೂರೂವರೆ ಗಂಟೆ ಕಾದೆ. ಪಟ್ಟಿಯಲ್ಲಿ ಒಂದು ಸಾಲೂ ಮೂಡಲಿಲ್ಲ. ಸದ್ದಿಲ್ಲದೆ ಅಳುವುದನ್ನು ನಾನು ಕಲಿತಿದ್ದೆ.

ಅವರನ್ನು ಕರೆದೆ. ಮಾದಪ್ಪ ಮಾವ ಕೈಕಾಲು ತೊಳೆದುಕೊಂಡು ಬಂದು ಮಿಷನ್ನಿನ ಮುಂದೆ ಕೂತ. ನಾನು ಪರದೆಯ ಪಕ್ಕದಲ್ಲೇ ನಿಂತಿದ್ದೆ, ಪಟ್ಟಿಯನ್ನು ಇನ್ನೂ ಮುಚ್ಚಿರಲಿಲ್ಲ. ಬೈಗುಳ ಶುರುವಾಯಿತು. ಆರನೇ ನಿಮಿಷ ಬಂತು.

"ಕೇಳ್ತಾ ಇದ್ದೀನಿ ನಿಮ್ಮನ್ನೇ, ಮಾದಪ್ಪಾ! ಅಯ್ಯೋ, ಬಾಯ್ತಪ್ಪಿ ಹೆಸರೇ ಬಂದುಬಿಡ್ತು ನೋಡಿ, ನಗ್ತೀರಲ್ಲ ಬೇರೆ! ಕೊಡಿ ಇಲ್ಲಿ, ಬಿಚ್ಚಿ ನಾನೇ ಹೊಲೀತೀನಿ."

ಅವನು ನಕ್ಕುಬಿಟ್ಟ. ಮಗಳ ಕಡೆ ತಿರುಗಿ "ನೋಡಿದ್ಯಾ, ನಾನು ಹೇಳಿರಲಿಲ್ವಾ" ಅಂದ. ಕಣ್ಣಿಂದ ನೀರು ಮೀಸೆಗೆ ಇಳಿಯುತ್ತಿತ್ತು. ಪಂಕಜಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಇನ್ನು ಹೊರಡೋಣ ಅಂದುಕೊಂಡೆ. "ಇನ್ನೊಂದು ಸಲ ಹಾಕಮ್ಮ" ಅಂದ. ಹಾಕಿದೆ. ಈ ಸಲ ಅವನು ಸುಮ್ಮನೆ ಕೂರಲಿಲ್ಲ, ದಿನದ ಹಾಗೆ ಬಟ್ಟೆ ಎಳೆದುಕೊಂಡು ಹೊಲಿಯತೊಡಗಿದ. ಮಂಗಳಕ್ಕ ತೋಳಿಗೆ ಬಂದಳು, ಹಾರಕ್ಕೆ ಬಂದಳು. "ಕೇಳ್ತಾ ಇದ್ದೀನಿ ನಿಮ್ಮನ್ನೇ, ಮಾದಪ್ಪಾ!"

"ಹೆದರ್ಕೋಬೇಡ ಕಣೇ ಕುಸುಮಿ" ಅಂದ ಮಾದಪ್ಪ ಮಾವ, ದಾರವನ್ನು ಹಲ್ಲಿನಲ್ಲಿ ಕತ್ತರಿಸುತ್ತಾ. "ಬಾ ಇಲ್ಲಿ, ನಾನಿದ್ದೀನಲ್ಲ, ಏನೂ ಆಗಲ್ಲ."

ಗಂಡಸಿನ ದನಿ. ಆದರೆ "ಕಣೇ" ಅನ್ನುವಲ್ಲಿ ಮೇಲೆ ಹೋಗುವುದು, "ನಾನಿದ್ದೀನಲ್ಲ" ಅನ್ನುವಲ್ಲಿ ಇಳಿದು ಬರುವುದು, ಒಂದು ಎಳೆ ಕೂಡ ತಪ್ಪದ ಹಾಗೆ ಅಜ್ಜಿಯದೇ.

"ಅಪ್ಪಾ, ಏನಂದ್ರಿ ಈಗ?" ಅಂದಳು ಪಂಕಜಕ್ಕ.

"ಏನಂದೆ?" ಅವನು ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದ. "ಏನೂ ಅನ್ನಲಿಲ್ವಲ್ಲ."

ಪಟ್ಟಿಯಲ್ಲಿ ಅವನಾಡಿದ ಆ ಮಾತಿನ ಸಾಲು ಇನ್ನೂ ಮೂಡುತ್ತಿತ್ತು. ಅದು ಪೂರ್ತಿ ಬರೆದು ಮುಗಿಯುವವರೆಗೂ ನಾನು ಯಾರಿಗೂ ಮಾತಾಡಲು ಬಿಡಲಿಲ್ಲ.